ಧ್ಯಾನಕ್ಕೆ ಕೂತರೂ ಬಿಡದ ಒಳಗಿನ ಬೈಗುಳ

ತಮ್ಮನ್ನು ತಾವೇ ಹೀಯಾಳಿಸಿಕೊಳ್ಳುವ ಅಭ್ಯಾಸ ಇರುವವರಿಗೆ "ಧ್ಯಾನ ಮಾಡಿ, ಸರಿಹೋಗುತ್ತದೆ" ಎಂದಷ್ಟೇ ಹೇಳಿ ಕಳಿಸಿದರೆ ಅದು ಉಲ್ಟಾ ಹೊಡೆಯುವುದೇ ಹೆಚ್ಚು. ಕಣ್ಣು ಮುಚ್ಚಿ ಎರಡು ನಿಮಿಷ ಆಗಿರುವುದಿಲ್ಲ, ಮನಸ್ಸು ಎಲ್ಲೋ ಹೋಗಿರುತ್ತದೆ. ಅದು ಯಾರಿಗಾದರೂ ಸಹಜ. ಇವರಿಗೆ ಮಾತ್ರ ಒಳಗಿನಿಂದ ತಕ್ಷಣ ಷರಾ ಬೀಳುತ್ತದೆ: "ಸುಮ್ನೆ ಕೂರೋಕೂ ಬರಲ್ವಲ್ಲ ನಿಂಗೆ!" ಅಲ್ಲಿಗೆ ಧ್ಯಾನವೂ ಇನ್ನೊಂದು ಪರೀಕ್ಷೆಯಾಯಿತು, ಅದರಲ್ಲೂ ಫೇಲಾದದ್ದಾಯಿತು. ವಾರದೊಳಗೆ ಚಾಪೆ ಮೂಲೆ ಸೇರುತ್ತದೆ.

ಆ ದನಿಯ ಜೊತೆ ವಾದಕ್ಕಿಳಿಯುವುದೂ ದಾರಿಯಲ್ಲ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಪಾಲ್ ಗಿಲ್ಬರ್ಟ್ ಗಮನಿಸಿದ ಸಂಗತಿ ಇಲ್ಲಿ ಬಹಳ ಮುಖ್ಯ. ಚಿಕಿತ್ಸೆಗೆ ಬಂದವರು "ನಾನೇನೂ ಅಷ್ಟು ಕೈಲಾಗದವನಲ್ಲ" ಎಂಬಂಥ ಸರಿಯಾದ ಉತ್ತರವನ್ನು ಕಲಿತು ಹೇಳುತ್ತಿದ್ದರು, ಆದರೆ ಅವರ ತಲೆಯೊಳಗೆ ಅದನ್ನು ಹೇಳುವ ದನಿ ಹಳೆಯದೇ, ಗದರುವ ದನಿ. ಮಾತು ಬದಲಾಗಿ ಧಾಟಿ ಬದಲಾಗದಿದ್ದರೆ ಮೈಗೆ ಅದೂ ಬೈಗುಳವೇ. ಗಿಲ್ಬರ್ಟ್ ಅವರ ಕರುಣೆ-ಕೇಂದ್ರಿತ ಚಿಕಿತ್ಸೆ ಬೆಳೆದದ್ದು ಇಲ್ಲಿಂದ. ಅವರ ಲೆಕ್ಕದಲ್ಲಿ ನಮ್ಮ ಭಾವನೆಗಳನ್ನು ನಡೆಸುವ ವ್ಯವಸ್ಥೆಗಳು ಮೂರು: ಅಪಾಯ ಕಂಡಾಗ ಎದ್ದೇಳುವುದು, ಬೇಕಾದ್ದರ ಬೆನ್ನು ಹತ್ತಿಸುವುದು, ಸಂತೈಸುವುದು. ಬೈದವರು ಎದುರಿನ ಸಾಹೇಬರೋ ನಮ್ಮದೇ ಮನಸ್ಸೋ ಎಂಬ ಭೇದ ಮೊದಲನೆಯದಕ್ಕೆ ಅಷ್ಟಾಗಿ ತಿಳಿಯದು. ದವಡೆ ಬಿಗಿಯುತ್ತದೆ, ಉಸಿರು ಎದೆಯ ಮೇಲ್ಭಾಗಕ್ಕೆ ಏರುತ್ತದೆ, ಹೊಟ್ಟೆ ಹಿಂಡುತ್ತದೆ. ಆ ಸ್ಥಿತಿಯಲ್ಲಿ ಎಷ್ಟೇ ಒಳ್ಳೆಯ ವಾಕ್ಯವೂ ಒಳಗಿಳಿಯುವುದಿಲ್ಲ. ಆದ್ದರಿಂದ ಮೊದಲು ಮೈ, ಆಮೇಲೆ ಧಾಟಿ, ಮಾತು ಕೊನೆಗೆ.

ಈ ಅಭ್ಯಾಸಕ್ಕೆ ಒಟ್ಟು ಹತ್ತು ನಿಮಿಷ ಸಾಕು. ಚಕ್ಕಳಮಕ್ಕಳ ಹಾಕಿ ಕೂರಲೇಬೇಕೆಂದಿಲ್ಲ; ಕುರ್ಚಿಯಲ್ಲಿ ಪಾದಗಳೆರಡೂ ನೆಲಕ್ಕೆ ತಾಗುವಂತೆ ಕೂತರೆ ಒಳ್ಳೆಯದೇ. ಕಣ್ಣು ಮುಚ್ಚಿದರೆ ದಿಗಿಲಾಗುವವರು ನಾಲ್ಕೈದು ಅಡಿ ಮುಂದಿನ ನೆಲ ನೋಡುತ್ತಿರಲಿ. ಮೊದಲ ಮೂರು ನಿಮಿಷ ಮೂಗಿನಿಂದ ಉಸಿರು ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಎಣಿಕೆ ಸೆಕೆಂಡಿಗೊಂದರಂತೆ ಇದ್ದರೆ ನಿಮಿಷಕ್ಕೆ ಆರು ಉಸಿರು. ಪ್ರಾಣಾಯಾಮ ಕಲಿತವರು ಇಲ್ಲಿ ಕುಂಭಕ ಸೇರಿಸಲು ಹೋಗುತ್ತಾರೆ, ಬೇಡ. ಉಸಿರು ಕಟ್ಟುವುದು ಈ ಕೆಲಸಕ್ಕೆ ಬೇಕಿಲ್ಲ. ತಲೆ ಹಗುರಾದಂತೆ ಅನ್ನಿಸಿದರೆ ಎಣಿಕೆ ಬಿಟ್ಟು ಮಾಮೂಲಿ ಉಸಿರಾಡಿ. ಜೊತೆಗೆ ಒಂದು ಅಂಗೈ ಎದೆಯ ಮೇಲಿರಲಿ. ಎದೆಬಡಿತ ಕೈಗೆ ತಾಗಿ ಗಾಬರಿ ಹೆಚ್ಚಾಗುವವರು ಕೈಯನ್ನು ತೊಡೆಯ ಮೇಲೋ ಎದುರು ತೋಳಿನ ಮೇಲೋ ಇಟ್ಟುಕೊಳ್ಳಬಹುದು.

ಆಮೇಲೆ ಒಂದು ಘಟನೆಯನ್ನು ನೆನೆಸಿಕೊಳ್ಳಿ. ಹೆಚ್ಚಿನವರು ಎಡವುವುದು ಇಲ್ಲೇ. ಬದುಕಿನ ಅತಿ ದೊಡ್ಡ ಗಾಯವನ್ನೇ ಎತ್ತಿಕೊಳ್ಳುತ್ತಾರೆ. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟರೆ ಮೂರೋ ನಾಲ್ಕೋ ಬರುವಂಥದ್ದು ಸಾಕು: ತಪ್ಪು ಫೈಲ್ ಮೇಲ್ ಮಾಡಿದ್ದು, ಹೋಂವರ್ಕ್ ಮಾಡಿಸುವಾಗ ಮಗಳ ಮೇಲೆ ರೇಗಿದ್ದು. ಆಗ ಒಳಗೆ ಏಳುವ ಬೈಗುಳವನ್ನು ಅದರದೇ ಮಾತಿನಲ್ಲಿ ಹಿಡಿಯಿರಿ, ಶುದ್ಧ ಮಾಡಬೇಡಿ. "ನಾನು ಅಸಮರ್ಥ ಎಂಬ ಭಾವನೆ" ಎಂದು ಯಾರ ಮನಸ್ಸೂ ಬೈಯುವುದಿಲ್ಲ. "ನಿನ್ ಕೈಲಿ ಏನ್ ಆಗತ್ತೆ ದಂಡಪಿಂಡ" ಎಂದು ಬೈಯುತ್ತದೆ. ಅದನ್ನು ಹಾಗೇ ಕೇಳಿಸಿಕೊಂಡು "ಬೈಗುಳ ಬಂತು" ಎಂದು ಮನಸ್ಸಿನಲ್ಲೇ ಗುರುತು ಹಾಕಿ, ಅಷ್ಟೇ.

ಈಗ ಸಂತೈಸುವ ಮಾತು. ಟೆಕ್ಸಾಸ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ನೆಫ್ 2003ರಲ್ಲಿ ಸ್ವ-ಕರುಣೆಯ ಮೂರು ಅಂಗಗಳನ್ನು ಬಿಡಿಸಿಟ್ಟರು: ನೋವನ್ನು ಇದ್ದಂತೆ ಗಮನಿಸುವುದು, ಇದು ಮನುಷ್ಯರಿಗೆಲ್ಲ ಆಗುವಂಥದ್ದೆಂದು ಕಾಣುವುದು, ತನ್ನ ಬಗ್ಗೆ ಮೆದುವಾಗಿರುವುದು. ನಮ್ಮ ಮಾತಿನಲ್ಲಿ ಇವು ಮೂರು ಸಣ್ಣ ವಾಕ್ಯಗಳಾಗುತ್ತವೆ. "ಕಷ್ಟ ಆಗ್ತಿದೆ ಅಲ್ವಾ." "ಇಂಥದ್ದು ಎಲ್ಲರಿಗೂ ಆಗತ್ತೆ." "ಇರಲಿ, ಈಗ ಏನ್ ಬೇಕು ಹೇಳು." ಒಂದೊಂದನ್ನೂ ಉಸಿರು ಬಿಡುವಾಗ ನಿಧಾನಕ್ಕೆ ಹೇಳಿಕೊಳ್ಳಿ. "ನಾನು ನನ್ನನ್ನು ಪ್ರೀತಿಸುತ್ತೇನೆ" ಎಂಬ ಆ್ಯಪ್‌ಗಳ ವಾಕ್ಯ ಕನ್ನಡದ ಬಾಯಿಗೆ ಹೊಂದುವುದೇ ಇಲ್ಲ. ಹೇಳುವಾಗಲೇ ನಗು ಬರುತ್ತದೆ, ಇಲ್ಲವೇ ಸುಳ್ಳೆನಿಸುತ್ತದೆ. ಚಿಕ್ಕಂದಿನಲ್ಲಿ ಯಾವ ಮಾತಿನಲ್ಲಿ ಸಮಾಧಾನ ಸಿಕ್ಕಿತ್ತೋ ಆ ಮಾತೇ ಇರಲಿ, ಧಾರವಾಡದ್ದೋ ಕುಂದಾಪುರದ್ದೋ. ಇಪ್ಪತ್ತು ವರ್ಷದಿಂದ ನ್ಯೂಜೆರ್ಸಿಯಲ್ಲಿದ್ದು ಇಂಗ್ಲಿಷಿನಲ್ಲೇ ಯೋಚಿಸುವವರಿಗೂ ಇದೇ ಸಲಹೆ. "ನಾನು" ಎನ್ನುವ ಬದಲು ಮನೆಯಲ್ಲಿ ಕರೆಯುವ ಹೆಸರಿನಿಂದ ಕರೆದುಕೊಳ್ಳಬಹುದು. ತನ್ನನ್ನು ಹೆಸರಿನಿಂದ ಕರೆದುಕೊಂಡು ಮಾತಾಡಿದರೆ ತಳಮಳದಿಂದ ಕೊಂಚ ದೂರ ನಿಲ್ಲಲು ಸಾಧ್ಯವಾಗುತ್ತದೆ ಎಂದು ಮನಶ್ಶಾಸ್ತ್ರಜ್ಞ ಈಥನ್ ಕ್ರಾಸ್ ಮತ್ತು ಸಂಗಡಿಗರ 2014ರ ಪ್ರಯೋಗಗಳು ತೋರಿಸಿವೆ.

ಎರಡನೇ ವಾಕ್ಯದಲ್ಲಿ ಒಂದು ಗುಂಡಿ ಇದೆ. "ನಿನಗಿಂತ ಕಷ್ಟದಲ್ಲಿರೋರು ಎಷ್ಟು ಜನ ಇಲ್ಲ?" ಎಂಬ ಮಾತು ಕೇಳುತ್ತ ಬೆಳೆದವರು ನಾವು. ಅದು ಸಮಾಧಾನದ ವೇಷದಲ್ಲಿರುವ ಗದರಿಕೆ. ನೋಯುವ ಹಕ್ಕೂ ನಿನಗಿಲ್ಲ ಎನ್ನುತ್ತದೆ. ಹೋಲಿಕೆ ಬಂದ ಕೂಡಲೇ ವಾಕ್ಯ ಕೆಟ್ಟಿತೆಂದು ತಿಳಿದು ಮೊದಲನೆಯದಕ್ಕೆ ಮರಳಿ.

ಕೆಲವರಿಗೆ ತಮ್ಮ ಕಡೆಗೆ ಮೆದುಮಾತು ಹೊರಡುವುದೇ ಇಲ್ಲ. ಒಬ್ಬೊಬ್ಬರಿಗೂ ಒಳಿತು ಹಾರೈಸುವ ಬೌದ್ಧರ ಮೈತ್ರಿ ಧ್ಯಾನದ ರೂಢಿಯ ಕ್ರಮ ತನ್ನಿಂದಲೇ ಆರಂಭವಾಗುತ್ತದೆ. ಇಂಥವರು ಕ್ರಮವನ್ನು ತಿರುವಿಹಾಕಬೇಕು. ನೆನೆದರೆ ಮುಖ ಸಡಿಲವಾಗುವ ಯಾರನ್ನಾದರೂ ಮೊದಲು ತಂದುಕೊಳ್ಳಿ. ಅಜ್ಜಿ ಆಗಬಹುದು, ಅಕ್ಕನ ಮಗು ಆಗಬಹುದು, ಬೀದಿನಾಯಿಯಾದರೂ ಸರಿ. ಅಪ್ಪ ಅಮ್ಮ ಬೇಡ, ಏಕೆಂದರೆ ಒಳಗಿನ ಬೈಗುಳದ ದನಿ ಎಷ್ಟೋ ಸಲ ಅವರಿಂದಲೇ ಎರವಲು ಬಂದಿರುತ್ತದೆ. "ಚೆನ್ನಾಗಿರು, ಹಗುರಾಗಿರು" ಎಂದು ಅವರಿಗೆ ಎರಡು ನಿಮಿಷ ಹಾರೈಸಿ, ಆ ಧಾಟಿ ಕೆಡುವ ಮೊದಲೇ ಪಕ್ಕದಲ್ಲಿ ನಿಮ್ಮನ್ನೂ ಕೂರಿಸಿ.

ಇದ್ದಕ್ಕಿದ್ದಂತೆ ಅಳು ಉಕ್ಕಬಹುದು, ಹಳೆಯ ಅವಮಾನವೊಂದು ಎದ್ದು ಬರಬಹುದು. ಮುಚ್ಚಿದ ಕೋಣೆಯಲ್ಲಿ ಹೊಗೆಯಾಡುತ್ತಿದ್ದ ಬೆಂಕಿ ಬಾಗಿಲು ತೆಗೆದು ಗಾಳಿ ನುಗ್ಗಿದಾಗ ಭಗ್ಗೆನ್ನುತ್ತದಲ್ಲ, ಹಾಗೆ. ಅಗ್ನಿಶಾಮಕದವರು ಇದಕ್ಕೆ ಹೇಳುವ 'ಬ್ಯಾಕ್‌ಡ್ರಾಫ್ಟ್' ಎಂಬ ಹೆಸರನ್ನೇ ನೆಫ್ ಅವರ ಜೊತೆ ಸ್ವ-ಕರುಣೆಯ ಎಂಟು ವಾರದ ತರಬೇತಿಯನ್ನು ರೂಪಿಸಿದ ಕ್ರಿಸ್ಟೋಫರ್ ಗರ್ಮರ್ ಇಲ್ಲಿಗೆ ತಂದರು. ಅಭ್ಯಾಸ ತಪ್ಪಾಗಿದೆ ಎಂದಲ್ಲ, ಪ್ರಮಾಣ ಹೆಚ್ಚಾಗಿದೆ ಎಂದರ್ಥ. ವಾಕ್ಯಗಳನ್ನು ನಿಲ್ಲಿಸಿ, ಕಣ್ಣು ತೆರೆದು, ಗಮನವನ್ನು ಅಂಗಾಲಿಗೆ ತನ್ನಿ. ನೆಲ ತಣ್ಣಗಿದೆಯೇ, ಒರಟಾಗಿದೆಯೇ ನೋಡಿ. ಎದ್ದು ಮುಖಕ್ಕೆ ನೀರು ಹಾಕಿಕೊಳ್ಳಿ. ಮರುದಿನ ಮೂರೇ ನಿಮಿಷ, ಉಸಿರಷ್ಟೇ.

ಎರಡು ವಾರಕ್ಕೂ ಹೆಚ್ಚು ಕಾಲ ಬಿಡದ ಬೇಸರ, ನಿದ್ದೆ-ಊಟ ಏರುಪೇರು, ಬದುಕುವುದೇ ಬೇಡ ಎಂಬ ಯೋಚನೆ, ಅಥವಾ ಬೈಗುಳ ಹೊರಗಿನಿಂದ ಯಾರೋ ಹೇಳಿದಂತೆ ಕಿವಿಗೇ ಕೇಳಿಸುವುದು, ಇವಕ್ಕೆ ಈ ಅಭ್ಯಾಸ ಮದ್ದಲ್ಲ. ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

"ಬೈದುಕೊಳ್ಳದಿದ್ದರೆ ಸೋಮಾರಿ ಆಗಿಬಿಡ್ತೀನಿ" ಎಂಬ ಭಯ ಹಲವರನ್ನು ಕಾಡುತ್ತದೆ. ಮನಶ್ಶಾಸ್ತ್ರಜ್ಞರಾದ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೀನಾ ಚೆನ್ 2012ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕಠಿಣವಾದ ಪದಸಂಪತ್ತಿನ ಪರೀಕ್ಷೆಯಲ್ಲಿ ಎಡವಿದ ವಿದ್ಯಾರ್ಥಿಗಳ ಪೈಕಿ ತಮ್ಮನ್ನು ಕರುಣೆಯಿಂದ ನೋಡಿಕೊಳ್ಳಲು ಹೇಳಿಸಿಕೊಂಡವರೇ ಮುಂದಿನ ಪರೀಕ್ಷೆಗೆ ಹೆಚ್ಚು ಹೊತ್ತು ಓದಿದರು. ತಪ್ಪನ್ನು ನೋಡಲು ಹೆದರಿಕೆ ಕಡಿಮೆಯಾದರೆ ತಿದ್ದಲು ಕೂರುವುದು ಸುಲಭ. ಅದಕ್ಕೇ ಹತ್ತು ನಿಮಿಷದ ಕೊನೆಯಲ್ಲಿ ಒಂದು ಸಾಲು ಬರೆಯಬೇಕು, ಗಂಟೆಯ ಸಮೇತ: "ನಾಳೆ ಹತ್ತಕ್ಕೆ ಫೋನ್ ಮಾಡಿ ಸರಿಯಾದ ಫೈಲ್ ಕಳಿಸ್ತೀನಿ." ಈ ಸಾಲನ್ನು ಬಿಟ್ಟರೆ ಉಳಿಯುವುದು ಮುದ್ದು ಮಾಡಿಕೊಳ್ಳುವುದಷ್ಟೇ.

ಮಲಗುವ ಹೊತ್ತು ಇದಕ್ಕೆ ಒಳ್ಳೆಯದಲ್ಲ. ದಣಿದಾಗ ಬೈಗುಳಕ್ಕೆ ಬಲ ಹೆಚ್ಚು. ಬೆಳಗ್ಗೆ ಸ್ನಾನಕ್ಕೆ ಮುಂಚೆ, ಇಲ್ಲವೇ ಕೆಲಸ ಮುಗಿಸಿ ಬಂದು ಗಾಡಿ ನಿಲ್ಲಿಸಿ ಮನೆಯೊಳಗೆ ಹೋಗುವ ಮುಂಚೆ ಮಾಡಿ. ಆ್ಯಪ್ ಬಳಸುವವರು ಸತತ ಎಷ್ಟು ದಿನ ಆಯಿತೆಂದು ತೋರಿಸುವ ಲೆಕ್ಕವನ್ನು ಆಫ್ ಮಾಡಿಡಿ, ಒಂದು ದಿನ ತಪ್ಪಿದರೆ ಅದೇ ಹೊಸ ಬೈಗುಳಕ್ಕೆ ಕಾರಣವಾಗುತ್ತದೆ. ದನಿ ಪೂರ್ತಿ ಹೋಯಿತೇ ಎಂದು ದಿನಾ ತಪಾಸಣೆ ಮಾಡುವುದೂ ಬೇಡ. ಬೈದುಕೊಂಡ ಮೇಲೆ ಮೊದಲಿನಂತೆ ಕೆಲಸಕ್ಕೆ ಮರಳಲು ಎಷ್ಟು ಹೊತ್ತು ಹಿಡಿಯಿತೆಂದು ವಾರಕ್ಕೊಮ್ಮೆ ನೋಡಿಕೊಂಡರೆ ಸಾಕು. ಮುಂಚೆ ಅರ್ಧ ದಿನ ಹಾಳಾಗುತ್ತಿದ್ದದ್ದು ಒಂದು ಗಂಟೆಗೆ ಇಳಿದಿದ್ದರೆ ಅಭ್ಯಾಸ ಹಿಡಿದಿದೆ.