ಮುಂಗಡದ ಲೆಕ್ಕ: ಸಣ್ಣ ಕಂಪನಿಯ ಸರಬರಾಜಿನಲ್ಲಿ ಜೀತವನ್ನು ಗುರುತಿಸುವ ಬಗೆ

ಕಂಪನಿಯ ಸರಬರಾಜಿನಲ್ಲಿ ಬಲವಂತದ ದುಡಿಮೆಯನ್ನು ತಡೆಯುವ ಬಗೆಗಿನ ಈ ಪಾಠದಲ್ಲಿ ನಮ್ಮ ಓದುವ ಗುಂಪಿನವರೆಲ್ಲ ಎಡವಿದ್ದು ಒಂದೇ ಕಡೆ. ‘ಆಧುನಿಕ ಗುಲಾಮಗಿರಿ’ ಎಂಬ ಪದ ಕಂಡೊಡನೆ ಅದು ಯಾವುದೋ ದೂರದ ದೇಶದ ಗಣಿಯ ಮಾತು ಎಂದುಕೊಂಡೆವು. ಮಂಡ್ಯದಲ್ಲಿ ಕುಳಿತು ಓದುವವರು ಅದನ್ನು ‘ಜೀತ’ ಎಂದು ಓದಿಕೊಳ್ಳಿ, ಅರ್ಧ ಪಾಠ ತಿಳಿಯುತ್ತದೆ. ಜೀತವಲ್ಲದೆ ಮಾನವ ಕಳ್ಳಸಾಗಣೆ, ಬಲವಂತದ ಮದುವೆಯೂ ಈ ಪದದೊಳಗೆ ಬರುತ್ತವೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ ಅದರ ಜೊತೆಗಾರ ಸಂಸ್ಥೆಗಳೂ 2022ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2021ರಲ್ಲಿ ಜಗತ್ತಿನ ಸುಮಾರು 5 ಕೋಟಿ ಜನ ಈ ಸ್ಥಿತಿಯಲ್ಲಿದ್ದರು. ಅವರಲ್ಲಿ 2.76 ಕೋಟಿ ಜನರದ್ದು ಬಲವಂತದ ದುಡಿಮೆ.

ಕಾನೂನಿನ ಬುಡ, ಬಲವಂತದ ದುಡಿಮೆಯನ್ನು ನಿಷೇಧಿಸುವ ಸಂವಿಧಾನದ 23ನೇ ವಿಧಿ. ಅದರ ಮೇಲೆ ನಿಂತದ್ದು 1976ರ ಜೀತ ಕಾರ್ಮಿಕ ಪದ್ಧತಿ ರದ್ದತಿ ಕಾಯ್ದೆ. ಆಗ ನಮ್ಮ ರಾಜ್ಯದ ಮುಖ್ಯಮಂತ್ರಿಯಾಗಿದ್ದವರು ಹುಣಸೂರಿನ ದೇವರಾಜ ಅರಸು. ಜೀತಮುಕ್ತಿಯನ್ನೂ ಋಣ ಪರಿಹಾರವನ್ನೂ ಅವರು ಒಟ್ಟಿಗೇ ಕೈಗೆತ್ತಿಕೊಂಡದ್ದು ಸುಮ್ಮನೆ ಅಲ್ಲ. ಸಾಲ ಇರುವವರೆಗೆ ಜೀತ ಹೋಗದು ಎಂಬ ತಿಳಿವಳಿಕೆ ಕಾಯ್ದೆಯ ಒಳಗೂ ಇದೆ: 6ನೇ ಸೆಕ್ಷನ್ ಪ್ರಕಾರ ಜೀತದ ಸಾಲವೇ ಅಳಿಸಿಹೋಗುತ್ತದೆ. ಆ ಸಾಲವನ್ನು ಮತ್ತೆ ವಸೂಲು ಮಾಡುವುದೂ ಅಪರಾಧ. ಸಾಲ ಜೀತದ್ದಲ್ಲ ಎಂದು ರುಜುವಾತುಪಡಿಸುವ ಹೊಣೆ ಸಾಲ ಕೊಟ್ಟವನದು, ಕೂಲಿಯವನದಲ್ಲ.

ಪರೀಕ್ಷೆಗೆ ಓದುವವರು 1982ರ ಏಷ್ಯಾಡ್ ಕಾರ್ಮಿಕರ ತೀರ್ಪನ್ನು ಬಿಡಬೇಡಿ. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕೂಲಿಗಳ ಪರವಾಗಿ ಹೂಡಿದ ಆ ಮೊಕದ್ದಮೆಯಲ್ಲಿ, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ ಹೇಳಿತು. ಹಸಿವೂ ಬಡತನವೂ ಬೇರೆ ದಾರಿ ಉಳಿಸದಿದ್ದರೆ ಅದೂ ಬಲವಂತ. ನನ್ನ ಮಟ್ಟಿಗೆ ಇಡೀ ಪಾಠದ ಅತ್ಯಂತ ಮಾನವೀಯ ವಾಕ್ಯ ಇದು.

ಈಗ ನಮ್ಮ ಊರಿನ ಉದಾಹರಣೆ. ಮಂಡ್ಯದ ಹೊರವಲಯದಲ್ಲಿ ಬೆಲ್ಲದ ಪುಡಿ ಮಾಡಿ ಪೊಟ್ಟಣ ಕಟ್ಟುವ, ಹನ್ನೆರಡು ಕೆಲಸಗಾರರ ಕಂಪನಿ ಒಂದಿದೆ ಎಂದುಕೊಳ್ಳೋಣ. ಅದಕ್ಕೆ ಬೆಲ್ಲ ಬರುವುದು ನಾಲ್ಕು ಆಲೆಮನೆಗಳಿಂದ, ಆಲೆಮನೆಗೆ ಕಬ್ಬು ಬರುವುದು ಹತ್ತಾರು ಗದ್ದೆಗಳಿಂದ. ಕಬ್ಬು ಕಡಿಯುವವರೂ ಒಲೆಗೆ ಉರಿ ಹಾಕುವವರೂ ಬಹುಪಾಲು ಹೊರಗಿನವರು. ಕೆಲವರು ಬಳ್ಳಾರಿ ಕಡೆಯವರು, ಕೆಲವರು ಉತ್ತರ ಭಾರತದವರು. ಅವರನ್ನು ಕರೆತರುವವನು ಮೇಸ್ತ್ರಿ, ಕರೆತರುವ ಸಾಧನ ಮುಂಗಡ.

ಒಂದು ಲೆಕ್ಕ ಮಾಡಿ ನೋಡಿ. ಅಂಕಿಗಳು ಅಭ್ಯಾಸಕ್ಕಾಗಿ ನಾನೇ ಇಟ್ಟುಕೊಂಡವು. ಗಂಡ-ಹೆಂಡತಿಯ ಒಂದು ಜೋಡಿಗೆ 80,000 ರೂಪಾಯಿ ಮುಂಗಡ. ದಿನಕ್ಕೆ ಇಬ್ಬರಿಗೂ ಸೇರಿ 900. ಹಂಗಾಮು 150 ದಿನ. ವಾರದ ಊಟ ಖರ್ಚಿಗೆ 2,500, ಅಂದರೆ 21 ವಾರಕ್ಕೆ 52,500. ಎಲ್ಲ ದಿನವೂ ಕೆಲಸ ಸಿಕ್ಕರೆ ದುಡಿಮೆ 1,35,000. ಖರ್ಚು ಕಳೆದರೆ 82,500 ಉಳಿದು ಮುಂಗಡ ತೀರುತ್ತದೆ. ಆದರೆ ಮಳೆ ಬಂದು, ಗಾಣ ಕೆಟ್ಟು, ಬೆಲ್ಲದ ದರ ಕುಸಿದು 30 ದಿನ ಕೆಲಸ ನಿಂತರೆ? ದುಡಿಮೆ 1,08,000ಕ್ಕೆ ಇಳಿಯುತ್ತದೆ, ಹೊಟ್ಟೆಯ ಖರ್ಚು ಇಳಿಯುವುದಿಲ್ಲ. ಕೈಯಲ್ಲಿ ಉಳಿಯುವುದು 55,500. ಸಾಲ 24,500 ಬಾಕಿ. ‘ಮುಂದಿನ ವರ್ಷ ಬಂದು ತೀರಿಸು’ ಎಂಬ ಮಾತು ಅಲ್ಲಿಂದ ಹುಟ್ಟುತ್ತದೆ. ಯಾರೂ ಬಾರುಕೋಲು ಹಿಡಿಯಲಿಲ್ಲ, ಲೆಕ್ಕದಲ್ಲಿ ಮೋಸವೂ ಆಗಲಿಲ್ಲ. ಕೆಲಸ ನಿಂತ ದಿನಗಳ ನಷ್ಟವನ್ನು ಕೂಲಿಯವರ ತಲೆಗೆ ಕಟ್ಟಿದ್ದಷ್ಟೇ.

ಮುಂಗಡ ಕೊಟ್ಟ ಮಾತ್ರಕ್ಕೆ ಜೀತವಾಗುವುದಿಲ್ಲ ಎಂಬುದನ್ನು ಗಮನಿಸಿ. ಅದಕ್ಕೆ ಪ್ರತಿಯಾಗಿ ಬೇರೆ ಕಡೆ ದುಡಿಯುವ ಹಕ್ಕು, ಓಡಾಡುವ ಹಕ್ಕು, ಸರಿಯಾದ ಕೂಲಿ ಪಡೆಯುವ ಹಕ್ಕು, ಇವುಗಳಲ್ಲಿ ಒಂದಾದರೂ ಹೋದಾಗ ಜೀತ. ಬಾಯಿಮಾತಿನ ಒಪ್ಪಂದವೂ ಸಾಕು. ನಾನು ಬಳಸುವ ಪರೀಕ್ಷೆ ಒಂದೇ: ಸಾಲ ಬಾಕಿ ಇರುವಾಗಲೇ ಈತ ನಾಳೆ ಬೆಳಿಗ್ಗೆ ಬಸ್ ಹತ್ತಿ ಊರಿಗೆ ಹೋಗಬಲ್ಲನೇ?

ಕಳೆದ ಹಂಗಾಮಿನಲ್ಲಿ ಒಂದು ಆಲೆಮನೆಗೆ ಹೋಗಿದ್ದೆ. ಕೊಪ್ಪರಿಗೆಯ ಪಕ್ಕದಲ್ಲಿ ನಿಂತಿದ್ದ ಹೆಣ್ಣುಮಗಳನ್ನು ‘ನಿಮ್ಮ ಕೂಲಿ ಎಷ್ಟಮ್ಮಾ?’ ಎಂದು ಕೇಳಿದೆ. ಆಕೆ ಉತ್ತರಿಸುವ ಮೊದಲು ಮೇಸ್ತ್ರಿಯ ಮುಖ ನೋಡಿದಳು. ಮೇಸ್ತ್ರಿಯ ಲೆಕ್ಕದ ಪುಸ್ತಕದಲ್ಲಿ ಆಕೆಯ ಹೆಸರೇ ಇರಲಿಲ್ಲ. ಜೋಡಿ ಲೆಕ್ಕದಲ್ಲಿ ಗಂಡನ ಹೆಸರಷ್ಟೇ ಇತ್ತು. ಎಲ್ಲರ ಆಧಾರ್ ಕಾರ್ಡುಗಳು ‘ಜೋಪಾನಕ್ಕೆಂದು’ ಮೇಸ್ತ್ರಿಯ ಟ್ರಂಕಿನಲ್ಲಿದ್ದವು. ಬಲವಂತದ ದುಡಿಮೆಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಪಟ್ಟಿ ಮಾಡಿರುವ ಹನ್ನೊಂದು ಸೂಚನೆಗಳಲ್ಲಿ ಗುರುತಿನ ದಾಖಲೆ ಇಟ್ಟುಕೊಳ್ಳುವುದೂ ಒಂದು. ಕೂಲಿ ತಡೆಹಿಡಿಯುವುದು, ಸಾಲದಲ್ಲಿ ಕಟ್ಟಿಹಾಕುವುದು, ಮಿತಿಮೀರಿದ ಹೆಚ್ಚುವರಿ ದುಡಿಮೆ ಉಳಿದವುಗಳಲ್ಲಿ ಕೆಲವು. ಹನ್ನೊಂದನ್ನೂ ಬಾಯಿಪಾಠ ಮಾಡುವುದಕ್ಕಿಂತ ಆ ಹೆಣ್ಣುಮಗಳು ತಿರುಗಿ ನೋಡಿದ ನೋಟ ನೆನಪಿಟ್ಟುಕೊಂಡರೆ ಪಾಠ ಮರೆಯದು.

ಹೊರದೇಶದ ಕಾನೂನು ನಮಗೆಷ್ಟು ಬೇಕು? ಬ್ರಿಟನ್ನಿನ 2015ರ ಆಧುನಿಕ ಗುಲಾಮಗಿರಿ ಕಾಯ್ದೆ 3.6 ಕೋಟಿ ಪೌಂಡ್ ಇಲ್ಲವೇ ಅದಕ್ಕೂ ಹೆಚ್ಚು ವಾರ್ಷಿಕ ವಹಿವಾಟಿನ ಕಂಪನಿಗಳಿಂದ, ಗುಲಾಮಗಿರಿ ತಡೆಯಲು ಏನು ಮಾಡಿದೆವು ಎಂಬ ಹೇಳಿಕೆಯನ್ನು ವರ್ಷಕ್ಕೊಮ್ಮೆ ಕೇಳುತ್ತದೆ. ಸಣ್ಣವರಿಗೆ ಅದು ನೇರವಾಗಿ ತಟ್ಟದು, ರಫ್ತುದಾರ ಕಳುಹಿಸುವ ಪ್ರಶ್ನಾವಳಿಯಾಗಿ ಬರುತ್ತದೆ. ಅದರಲ್ಲಿ ‘ಇಲ್ಲ, ಇಲ್ಲ’ ಎಂದು ಗುರುತು ಹಾಕಿ ಸಹಿ ಮಾಡುವುದು ಸುಲಭ. ಅದು ತಡೆಗಟ್ಟುವಿಕೆ ಅಲ್ಲ.

ಹಾಗಾದರೆ ಕಂಪನಿ ಏನು ಮಾಡಬೇಕು? ಮೊದಲು ತನ್ನ ಅಂಗಳ ನೋಡಿಕೊಳ್ಳಲಿ: ಏಜೆನ್ಸಿಯಿಂದ ಬಂದ ಕಾವಲುಗಾರನ ಎಟಿಎಂ ಕಾರ್ಡ್ ಯಾರ ಬಳಿ ಇದೆ, ಪೊಟ್ಟಣ ಕಟ್ಟುವ ಹೆಂಗಸರಿಗೆ ಕನಿಷ್ಠ ವೇತನ ಅವರವರ ಖಾತೆಗೇ ಬರುತ್ತಿದೆಯೇ? ಆಮೇಲೆ ಆಲೆಮನೆ, ಆಮೇಲೆ ಗದ್ದೆ. ಮೇಸ್ತ್ರಿ ಇಲ್ಲದ ಹೊತ್ತಿನಲ್ಲಿ, ಕೂಲಿಯವರ ಭಾಷೆ ಬಲ್ಲವರೊಂದಿಗೆ, ಹೆಂಗಸರನ್ನು ಬೇರೆಯಾಗಿ ಮಾತನಾಡಿಸಬೇಕು. ಮುಂಗಡವನ್ನೇ ನಿಷೇಧಿಸಬೇಕೆಂಬ ವಾದವನ್ನು ನಾನು ಒಪ್ಪುವುದಿಲ್ಲ. ಊರು ಬಿಡುವ ಮುನ್ನ ಮಕ್ಕಳ ಶುಲ್ಕಕ್ಕೆ, ಔಷಧಿಗೆ ಹಣ ಬೇಕೇ ಬೇಕು. ನಿಷೇಧಿಸಿದರೆ ಅದು ಕತ್ತಲಿಗೆ ಸರಿಯುತ್ತದೆ. ಬದಲಿಗೆ ಮುಂಗಡವನ್ನು ಬಡ್ಡಿಯಿಲ್ಲದೆ ಕೊಡಬೇಕು, ಗಂಡ-ಹೆಂಡತಿ ಇಬ್ಬರ ಹೆಸರಿನಲ್ಲೂ ಬರೆದು ಒಂದು ಪ್ರತಿ ಅವರ ಕೈಗೆ ಕೊಡಬೇಕು, ಕೆಲಸವಿಲ್ಲದ ದಿನದ ಊಟದ ಖರ್ಚನ್ನು ಆಲೆಮನೆಯ ಮಾಲೀಕರೇ ಹೊರಬೇಕು ಎಂಬ ಷರತ್ತಿಟ್ಟು ಕಂಪನಿ ಬೆಲ್ಲ ಖರೀದಿಸಬೇಕು. ಆ ಖರ್ಚು ಬೆಲ್ಲದ ದರದಲ್ಲಿ ಸೇರಿರಬೇಕು. ಆಲೆಮನೆಯವರಿಗೆ ಎರಡು ತಿಂಗಳು ಹಣ ಬಾಕಿ ಇಟ್ಟುಕೊಂಡು ‘ಕೂಲಿ ಸರಿಯಾಗಿ ಕೊಡಿ’ ಎಂದು ಪತ್ರ ಬರೆಯುವ ಕಂಪನಿ ಜೀತದಲ್ಲಿ ತಾನೂ ಪಾಲುದಾರ.

ಜೀತ ಕಣ್ಣಿಗೆ ಬಿದ್ದರೆ ಖರೀದಿ ನಿಲ್ಲಿಸಿ ಕೈತೊಳೆದುಕೊಳ್ಳಬಾರದು. ಹಾಗೆ ಮಾಡಿದರೆ ರಾತ್ರೋರಾತ್ರಿ ಕೂಲಿಯವರನ್ನು ಬೇರೆಡೆಗೆ ಸಾಗಿಸಿಬಿಡುತ್ತಾರೆ. ತಹಶೀಲ್ದಾರರಿಗೆ ಅಥವಾ ಉಪವಿಭಾಗಾಧಿಕಾರಿಗೆ ತಿಳಿಸಬೇಕು. ಮಂಡ್ಯ ಜಿಲ್ಲೆಯಲ್ಲಿ ಉಪವಿಭಾಗಾಧಿಕಾರಿ ಕಚೇರಿ ಮಂಡ್ಯದಲ್ಲೂ ಪಾಂಡವಪುರದಲ್ಲೂ ಇದೆ. ಮಕ್ಕಳಿದ್ದರೆ ಮಕ್ಕಳ ಸಹಾಯವಾಣಿ 1098. ವಿಚಾರಣೆಯ ನಂತರ ಕೊಡುವ ಬಿಡುಗಡೆ ಪ್ರಮಾಣಪತ್ರವೇ ಮುಂದಿನ ಬದುಕಿಗೆ ಬಾಗಿಲು. 2016ರ ಕೇಂದ್ರ ಯೋಜನೆಯಲ್ಲಿ ವಯಸ್ಕ ಪುರುಷರಿಗೆ 1 ಲಕ್ಷ, ಮಹಿಳೆಯರಿಗೂ ಮಕ್ಕಳಿಗೂ 2 ಲಕ್ಷ, ಅತಿ ಕ್ರೂರ ಶೋಷಣೆಗೆ ಸಿಕ್ಕವರಿಗೆ 3 ಲಕ್ಷ ರೂಪಾಯಿ ನೆರವು ಇದೆ. ಆದರೆ ತಕ್ಷಣದ ಸಣ್ಣ ಮೊತ್ತ ಬಿಟ್ಟರೆ ಉಳಿದದ್ದನ್ನು ಆರೋಪಿಯ ಮೇಲಿನ ಮೊಕದ್ದಮೆಯ ಫಲಕ್ಕೆ ಗಂಟು ಹಾಕಲಾಗಿದೆ. ಆದ್ದರಿಂದ ಕಂಪನಿ ಇಟ್ಟುಕೊಂಡಿರುವ ಖರೀದಿ ರಸೀದಿ, ಭೇಟಿಯ ದಿನಾಂಕ, ಮೇಸ್ತ್ರಿಯ ಪುಸ್ತಕದ ಫೋಟೊ ಇವನ್ನೆಲ್ಲ ಅಂದೇ ಅಧಿಕಾರಿಯ ಕೈಗೆ ಒಪ್ಪಿಸಬೇಕು.