ಒಂಟಿತನಕ್ಕೂ ಮೆಟ್ಟಿಲಿಗೂ ಏನು ಸಂಬಂಧ?

ವಯಸ್ಸಾದ ಸಲಿಂಗಿಗಳ, ಟ್ರಾನ್ಸ್‌ಜೆಂಡರ್‌ಗಳ ಒಂಟಿತನದ ಮಾತು ಬಂದರೆ ಸಾಕು, "ಮದುವೆ ಇಲ್ಲ, ಮಕ್ಕಳಿಲ್ಲ, ಇನ್ನೇನಾಗುತ್ತೆ" ಅಂದುಬಿಡುತ್ತಾರೆ. ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಅವರ ಮನೆ ಬಾಗಿಲು ಎಲ್ಲಿಗೆ ತೆರೆಯುತ್ತದೆ, ಹೊರಗೆ ಬಂದರೆ ಯಾರು ಎದುರಾಗುತ್ತಾರೆ ಅಂತ ಯಾರೂ ಕೇಳುವುದೇ ಇಲ್ಲ.

ಅಮೆರಿಕದ ಎಂಐಟಿ ಎಂಬ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ವಸತಿಯೊಂದರಲ್ಲಿ ಯಾರಿಗೆ ಯಾರು ಗೆಳೆಯರಾದರು ಅಂತ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಮತ್ತು ಸಂಗಡಿಗರು ಲೆಕ್ಕ ಹಾಕಿ 1950ರಲ್ಲಿ ಪ್ರಕಟಿಸಿದರು. ಮೆಟ್ಟಿಲ ಬುಡದ ಮನೆಯವರಿಗೆ ಮಹಡಿಯವರ ಸ್ನೇಹ ಜಾಸ್ತಿ ಇತ್ತು. ಮೇಲಿನವರು ಹತ್ತಿ ಇಳಿಯುವಾಗ ಆ ಬಾಗಿಲ ಮುಂದೆಯೇ ಹೋಗಬೇಕಲ್ವಾ! ಇವತ್ತು ಮುಖ ನೋಡುತ್ತೀರಿ, ನಾಳೆ ತಲೆಯಾಡಿಸುತ್ತೀರಿ, ಆಮೇಲೊಂದು ದಿನ "ಏನ್ರೀ, ನಿನ್ನೆ ಕಾಣಲೇ ಇಲ್ಲ" ಅನ್ನುತ್ತೀರಿ. ಯಾರನ್ನೂ ಕರೆಯಬೇಕಿಲ್ಲ, ಫೋನ್ ಮಾಡಬೇಕಿಲ್ಲ, ಹೆಪ್ಪು ಹಾಕಿದ ಹಾಲಿನ ಹಾಗೆ ಸ್ನೇಹ ತಾನಾಗಿ ಕೂಡಿಕೊಳ್ಳುತ್ತದೆ. ಬೀದಿಯಲ್ಲೂ ಹೀಗೆಯೇ. ನಗರ ವಿನ್ಯಾಸಕ ಡೊನಾಲ್ಡ್ ಆಪಲ್‌ಯಾರ್ಡ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಂಡದ್ದು: ದಿನಕ್ಕೆ ಸುಮಾರು 2,000 ವಾಹನ ಓಡಾಡುವ ಬೀದಿಯಲ್ಲಿ ಒಬ್ಬೊಬ್ಬರಿಗೆ ಸರಾಸರಿ 3 ಗೆಳೆಯರು, 16,000 ವಾಹನದ ಬೀದಿಯಲ್ಲಿ ಒಬ್ಬರೂ ಪೂರ್ತಿ ಇಲ್ಲ, 0.9.

ಆದರೆ ಎಂಐಟಿಯ ಆ ಮನೆಗಳಲ್ಲಿದ್ದವರೆಲ್ಲ ಮದುವೆಯಾದ ಜೋಡಿಗಳು. ಮನೆಯವರ ಬಗ್ಗೆ ಕೇಳಿದರೆ ಮುಚ್ಚಿಡಬೇಕಾದ ಪ್ರಸಂಗ ಅವರಿಗಿರಲಿಲ್ಲ.

ಈಗ 75 ದಾಟಿದ ಸಲಿಂಗಿಯೊಬ್ಬರನ್ನು ಅದೇ ಮೆಟ್ಟಿಲ ಬುಡದಲ್ಲಿ ಇಟ್ಟು ನೋಡಿ. ಅವರ ಯೌವನದಲ್ಲಿ ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಅವರ ಪ್ರೀತಿ ಅಪರಾಧ; ಅಂಥ ಕಾನೂನುಗಳು ದೇಶದಾದ್ಯಂತ ಬಿದ್ದದ್ದು 2003ರಲ್ಲಿ. ಕಣ್ಣಿಗೆ ಬೀಳದೆ ಬದುಕುವುದನ್ನೇ ಕಲಿತವರು. "ಮಕ್ಕಳೆಷ್ಟು, ಮನೆಯವರು ಎಲ್ಲಿ?" ಅಂತ ದಿನಾ ಕೇಳುವ ವೃದ್ಧರ ವಸತಿಯ ಕಾಮನ್ ಹಾಲ್ ಆದರೆ ಅವರು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾರೆ. ಜನರನ್ನು ಕೂಡಿಸಬೇಕಾದ ವಿನ್ಯಾಸವೇ ಅವರನ್ನು ಒಳಗೆ ತಳ್ಳುತ್ತದೆ.

ಶಿಕಾಗೋದ ಹಾಲ್‌ಸ್ಟೆಡ್ ಬೀದಿ ಇದಕ್ಕೊಂದು ಉತ್ತರ ಕೊಟ್ಟಿದೆ. 1998ರಿಂದ ಸಲಿಂಗಿ ಸಮುದಾಯದ ಗುರುತಾದ ಕಾಮನಬಿಲ್ಲಿನ ಕಂಬಗಳು ನಿಂತಿರುವ ಬೀದಿ ಅದು. ಅಲ್ಲಿನ ಹಳೆಯ ಪೊಲೀಸ್ ಠಾಣೆಗೆ ಹೊಸ ಕಟ್ಟಡ ಸೇರಿಸಿ 2014ರಲ್ಲಿ ಟೌನ್ ಹಾಲ್ ಅಪಾರ್ಟ್‌ಮೆಂಟ್ಸ್ ತೆರೆದರು, ಸಲಿಂಗಿ, ಟ್ರಾನ್ಸ್‌ಜೆಂಡರ್ ಹಿರಿಯರನ್ನು ಮನಸ್ಸಿನಲ್ಲಿಟ್ಟು ಮಾಡಿದ 79 ಮನೆಗಳು. ಕಾನೂನಿನ ಪ್ರಕಾರ ಅಲ್ಲಿ ಕಡಿಮೆ ಆದಾಯದ ಯಾವ ಹಿರಿಯರು ಬೇಕಾದರೂ ಅರ್ಜಿ ಹಾಕಬಹುದು, ಆದರೆ ಒಳಗೆ ಬಂದವರು ಯಾರಿಗೂ ಸುಳ್ಳು ಹೇಳಬೇಕಿಲ್ಲ. ಹಿರಿಯರ ಕೇಂದ್ರವೂ ಅದೇ ಕಟ್ಟಡದಲ್ಲಿದೆ. ಸುಮ್ನೆ ಕೆಳಗಿಳಿದರೆ ಸಾಕು, ಮಾತಿಗೆ ಜನ ಸಿಗುತ್ತಾರೆ.

79 ಮನೆ ಅಷ್ಟು ದೊಡ್ಡ ಊರಿಗೆ ಎಲ್ಲಿ ಸಾಕು? ಉಳಿದವರು ಮಾಮೂಲಿ ವೃದ್ಧರ ವಸತಿಗಳಲ್ಲೇ ಇರಬೇಕು. ಅಲ್ಲಿ ಕಾಮನ್ ಹಾಲ್‌ಗೆ ಎರಡು ಬಾಗಿಲಿಡಿ, ಬೇಡವೆನಿಸಿದಾಗ ಎದ್ದು ಹೋಗುವ ಹಾಗಿರಲಿ. ಕುರ್ಚಿಗಳನ್ನು ಒಂದೇ ಸುತ್ತಾಗಿ ಹಾಕದೆ ಎರಡೆರಡಾಗಿ ಜೋಡಿಸಿ. ಸಿಬ್ಬಂದಿಗೆ ಯಾವ ಪ್ರಶ್ನೆ ಕೇಳಬಾರದು ಅಂತ ಹೇಳಿಕೊಡಿ. ಕುರ್ಚಿ ಜೋಡಿಸುವ ಕೆಲಸವನ್ನಂತೂ ಇವತ್ತೇ ಮಾಡಬಹುದು.