ಕಿತ್ತ ಹೂವಿಗೂ ಉಸಿರಿದೆ

ಏಪ್ರಿಲ್ ತಿಂಗಳು. ಕೊಪ್ಪಳದ ಬಸ್ ನಿಲ್ದಾಣದ ಹತ್ತಿರ, ಇಳಿಬಿಸಿಲಿನಲ್ಲಿ, ಹೂ ಮಾರುವ ಅಜ್ಜಿಯ ಬುಟ್ಟಿ ಮುಂದೆ ನಿಂತಿದ್ದೆ. ಮೇಲಿದ್ದ ಅರಳಿದ ಮಲ್ಲಿಗೆ ಮಾಲೆಗೆ ಕೈ ಹಾಕಿದೆ. ಅಜ್ಜಿ ತಡೆದರು. "ಅರಳಿದ್ದು ಬ್ಯಾಡ್ರಿ ಅಕ್ಕಾರ, ಮೊಗ್ಗಿನ ಮಾಲಿ ಒಯ್ರಿ. ರಾತ್ರಿಗೆ ಮನ್ಯಾಗ ಅರಳ್ತಾವ." ಹಸಿ ಬಟ್ಟೆ ಸರಿಸಿ ಒಳಗಿನಿಂದ ಮೊಗ್ಗಿನ ಮಾಲೆ ತೆಗೆದರು. ಮೊಣಕೈಯಿಂದ ಬೆರಳ ತುದಿಯವರೆಗೆ ಹಿಡಿದು ಎರಡು ಮೊಳ ಅಳೆದು ಕೊಟ್ಟರು. ಮುಟ್ಟಿದರೆ ಮಾಲೆ ತಣ್ಣಗಿತ್ತು. ಹೊರಗೆ ನಲವತ್ತು ಡಿಗ್ರಿ!

ರಾತ್ರಿ ಎಂಟರ ಹೊತ್ತಿಗೆ ಅಜ್ಜಿ ಹೇಳಿದಂತೆಯೇ ಆಯಿತು. ಬಿಗಿಯಾಗಿದ್ದ ಮೊಗ್ಗುಗಳು ಒಂದೊಂದಾಗಿ ಬಿರಿದವು. ದೇವರ ಕೋಣೆಯ ಘಮ ನಡುಮನೆಗೂ ಬಂತು.

ಈ ಮೊಗ್ಗನ್ನು ಗಿಡದಿಂದ ಬಿಡಿಸಿದ್ದು ನಸುಕಿನಲ್ಲಿ. ಬೇರಿನ ಸಂಬಂಧ ಕಡಿದು ಹನ್ನೆರಡು ಗಂಟೆಗೂ ಜಾಸ್ತಿ ಆಗಿದೆ. ಆದರೂ ಅದು ಬೆಳೆಯಿತು, ಅರಳಿತು, ಹೊಸದಾಗಿ ಪರಿಮಳ ತಯಾರಿಸಿತು. ಸತ್ತದ್ದು ಹೀಗೆಲ್ಲ ಮಾಡುವುದಿಲ್ಲ, ಅಲ್ವಾ? ಮುಡಿಯಲ್ಲಿ, ಹೂದಾನಿಯಲ್ಲಿ, ದೇವರ ಫೋಟೋ ಮೇಲೆ ನಾವು ಇಡುವ ಹೂ ಇನ್ನೂ ಬದುಕಿರುತ್ತದೆ. ಅದು ಉಸಿರಾಡುತ್ತದೆ, ನೀರು ಕುಡಿಯುತ್ತದೆ, ಮುಪ್ಪಾಗುತ್ತದೆ. ಇದು ಅರ್ಥವಾದ ಮೇಲೆ ಹೂವನ್ನು ನೋಡುವ ನನ್ನ ಕಣ್ಣೇ ಬದಲಾಯಿತು.

ಉಸಿರಾಟದಿಂದ ಶುರು ಮಾಡೋಣ. ಗಿಡದ ಮೇಲಿದ್ದಾಗ ಹೂವಿಗೆ ಎಲೆಗಳು ಸಕ್ಕರೆ ಕಳಿಸುತ್ತವೆ. ಕಿತ್ತ ಕೂಡಲೇ ಆ ದಾರಿ ಮುಚ್ಚುತ್ತದೆ. ಆಮೇಲೆ ಹೂವಿನ ಬಳಿ ಇರುವುದು ಬುತ್ತಿ ಕಟ್ಟಿಕೊಂಡು ಬಂದಷ್ಟೇ ಸಕ್ಕರೆ ಮತ್ತು ಪಿಷ್ಟ. ಅದನ್ನೇ ಆಮ್ಲಜನಕದ ಜೊತೆ ಸ್ವಲ್ಪ ಸ್ವಲ್ಪವಾಗಿ ಉರಿಸಿ ಬದುಕಬೇಕು. ಬುತ್ತಿ ಎಷ್ಟು ಬೇಗ ಖರ್ಚಾಗುತ್ತದೆ ಎಂಬುದನ್ನು ಬಿಸಿ ನಿರ್ಧರಿಸುತ್ತದೆ. ಸುಮಾರಾಗಿ ಹೇಳುವುದಾದರೆ, ಉಷ್ಣತೆ 10 ಡಿಗ್ರಿ ಏರಿದರೆ ಹೂವಿನ ಉಸಿರಾಟ ಎರಡು ಪಟ್ಟೋ ಮೂರು ಪಟ್ಟೋ ಆಗುತ್ತದೆ. ತಂಪು ಕೋಣೆಯಲ್ಲಿ ನಾಲ್ಕು ದಿನ ಬರುವ ಬುತ್ತಿ ರಾಯಚೂರಿನ ಮೇ ತಿಂಗಳಲ್ಲಿ ಒಂದು ದಿನಕ್ಕೂ ಸಾಲುವುದಿಲ್ಲ.

ಅಜ್ಜಿಯ ಹಸಿ ಬಟ್ಟೆ ಇಲ್ಲಿ ದೊಡ್ಡ ಕೆಲಸ ಮಾಡುತ್ತದೆ. ನೀರು ಆವಿಯಾಗಲು ಶಾಖ ಬೇಕು. ಆ ಶಾಖವನ್ನು ಅದು ಬಟ್ಟೆಯಿಂದ, ಬುಟ್ಟಿಯಿಂದ, ಹೂವಿನಿಂದಲೇ ಕಿತ್ತುಕೊಳ್ಳುತ್ತದೆ. ಮಣ್ಣಿನ ಗಡಿಗೆಯ ನೀರು ತಂಪಾಗುವುದೂ ಹೀಗೆಯೇ. ಗಾಳಿ ಎಷ್ಟು ಒಣಗಿದ್ದರೆ ನೀರು ಅಷ್ಟು ಬೇಗ ಆರುತ್ತದೆ, ತಂಪು ಅಷ್ಟು ಜಾಸ್ತಿ. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ಇದ್ದು ಗಾಳಿಯ ತೇವ ಶೇಕಡಾ 20 ಇದ್ದರೆ, ಗಾಳಿಯಾಡುವ ಹಸಿ ಬಟ್ಟೆ ಸುಮಾರು 23 ಡಿಗ್ರಿವರೆಗೆ ತಣ್ಣಗಾಗಬಲ್ಲದು. ಮಂಗಳೂರಿನ ಕಡೆ ಸೆಕೆಗಾಲದಲ್ಲಿ ಉಷ್ಣತೆ 33 ಡಿಗ್ರಿ, ತೇವ ಶೇಕಡಾ 70 ಇದ್ದಾಗ ಅದೇ ಬಟ್ಟೆ 28ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ನಾವು ದಿನಾ ಬೈಯುವ ಈ ಒಣ ಬಿಸಿಲೇ ಹೂವಿನ ಬುಟ್ಟಿಗೆ ಫ್ರಿಜ್ ಆಗುತ್ತದೆ. ಬಟ್ಟೆ ಒದ್ದೆಯಾಗಿರಬೇಕು, ಬುಟ್ಟಿ ನೆರಳಿನಲ್ಲಿರಬೇಕು, ಗಾಳಿ ಆಡಬೇಕು, ಅಷ್ಟೇ. ಅದೇ ಮಾಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಸ್ಕೂಟರ್ ಡಿಕ್ಕಿಯಲ್ಲಿ ಇಟ್ಟರೆ ಮನೆ ಮುಟ್ಟುವುದರೊಳಗೆ ಬೆಂದು ಹೋಗಿರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಇನ್ನು ಅರಳುವುದು. ಅನೇಕ ಹೂಗಳಲ್ಲಿ ದಳಗಳ ಜೀವಕೋಶಗಳು ಕೂಡಿಟ್ಟ ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಸಕ್ಕರೆ ಇರುವ ಕಡೆಗೆ ನೀರು ನುಗ್ಗುತ್ತದೆ. ಕೋಶಗಳು ಉಬ್ಬುತ್ತವೆ, ದಳ ಹಿಗ್ಗಿ ಹೊರಕ್ಕೆ ಬಾಗುತ್ತದೆ. ಮಲ್ಲಿಗೆಯ ಬಿಗಿ ಮೊಗ್ಗನ್ನು ಮೂಸಿ ನೋಡಿ, ವಾಸನೆ ಇಲ್ಲ ಎನ್ನುವಷ್ಟು ಕಡಿಮೆ. ಅರಳುವಾಗಲೇ ಲಿನಲೂಲ್, ಬೆಂಜೈಲ್ ಅಸಿಟೇಟ್, ಇಂಡೋಲ್‌ನಂಥ ರಾಸಾಯನಿಕಗಳು ತಯಾರಾಗಿ ಗಾಳಿಗೆ ಸೇರುತ್ತವೆ. ರಾತ್ರಿ ಹಾರುವ ಪತಂಗಗಳಿಗೆ ಕತ್ತಲಲ್ಲಿ ದಾರಿ ತೋರಿಸುವುದು ಈ ಘಮ ಮತ್ತು ಆ ಬಿಳಿ ಬಣ್ಣ. ಸುಗಂಧರಾಜದ ಕಥೆಯೂ ಇದೇ. ಸಂಜೆಯಾದರೆ ಅದರ ಘಾಟು ಏರುತ್ತದೆ. ಫ್ರಾನ್ಸಿನ ಗ್ರಾಸ್ ಊರಿನ ಅತ್ತರು ತಯಾರಕರು ಇದನ್ನು ಚೆನ್ನಾಗಿ ಅರಿತಿದ್ದರು. ಗುಲಾಬಿಯನ್ನು ಕಿತ್ತ ಕೂಡಲೇ ಭಟ್ಟಿ ಇಳಿಸುತ್ತಿದ್ದರು. ಮಲ್ಲಿಗೆ, ಸುಗಂಧರಾಜಗಳನ್ನು ಮಾತ್ರ ಗಾಜಿನ ಮೇಲೆ ಹಚ್ಚಿದ ಕೊಬ್ಬಿನ ಪದರದಲ್ಲಿ ದಿನಗಟ್ಟಲೆ ಹರಡುತ್ತಿದ್ದರು. ಕಿತ್ತ ಮೇಲೂ ಅವು ಪರಿಮಳ ತಯಾರಿಸುತ್ತಲೇ ಇರುತ್ತವೆ, ಕೊಬ್ಬು ಅದನ್ನು ಹೀರುತ್ತದೆ. ಉತ್ತರ ಭಾರತದಲ್ಲಿ ಎಳ್ಳು ಮತ್ತು ಮಲ್ಲಿಗೆಯನ್ನು ಪದರ ಪದರವಾಗಿ ಹಾಸಿಟ್ಟು, ಆಮೇಲೆ ಎಳ್ಳನ್ನು ಗಾಣಕ್ಕೆ ಹಾಕಿ ಘಮದ ಎಣ್ಣೆ ತೆಗೆಯುತ್ತಾರೆ. ಲೆಕ್ಕ ಒಂದೇ.

ಮಲ್ಲಿಗೆ ಅಂದ ಮೇಲೆ ನಮ್ಮ ಪಕ್ಕದ ಹೂವಿನ ಹಡಗಲಿಯನ್ನು ನೆನೆಯದೆ ಮುಂದೆ ಹೋಗಲು ಮನಸ್ಸಿಲ್ಲ. 2021ರವರೆಗೆ ಅದು ಬಳ್ಳಾರಿ ಜಿಲ್ಲೆಯಲ್ಲೇ ಇತ್ತು, ಈಗ ವಿಜಯನಗರ ಜಿಲ್ಲೆ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಗುರುತು ಸಿಕ್ಕಿದೆ. ವಿಜಯನಗರದ ಕಾಲದಲ್ಲಿ ಅಲ್ಲಿಂದ ತುಂಗಭದ್ರೆಯ ಮೇಲೆ ಹಂಪಿಗೆ ಹೂ ಹೋಗುತ್ತಿತ್ತು ಎಂದು ಜನ ಹೇಳುತ್ತಾರೆ. 1443ರಲ್ಲಿ ಎರಡನೇ ದೇವರಾಯನ ರಾಜಧಾನಿಗೆ ಬಂದಿದ್ದ ಪರ್ಷಿಯಾದ ದೂತ ಅಬ್ದುಲ್ ರಜಾಕ್ ಇಲ್ಲಿನ ಗುಲಾಬಿ ವ್ಯಾಪಾರ ಕಂಡು ಬೆರಗಾಗಿದ್ದ. ಈ ಜನಕ್ಕೆ ಗುಲಾಬಿ ಇಲ್ಲದೆ ಬದುಕಲು ಆಗದು, ಊಟದಷ್ಟೇ ಅದೂ ಬೇಕು ಎಂಬ ಅರ್ಥದಲ್ಲಿ ಬರೆದಿಟ್ಟಿದ್ದಾನೆ. ಬಂಡೆಗಳು ಕಾದು ಕೆಂಡವಾಗುವ ಆ ಊರಿನಲ್ಲಿ ಗುಲಾಬಿಯನ್ನು ಬಾಡದಂತೆ ಹೇಗೆ ಇಟ್ಟಿದ್ದರೋ ಎಂದು ಆನೆಗೊಂದಿ ಕಡೆ ಹೋದಾಗಲೆಲ್ಲ ಯೋಚಿಸುತ್ತೇನೆ.

ಈಗಿನ ಸಮಾರಂಭಗಳಲ್ಲಿ ಮಾಲೆಗಿಂತ ಬೊಕ್ಕೆ ಜಾಸ್ತಿ. ಗುಲಾಬಿ, ಜರ್ಬೆರಾ, ಗ್ಲಾಡಿಯೋಲಸ್, ಕಾರ್ನೇಷನ್, ಸುತ್ತ ಬಣ್ಣದ ಹಾಳೆ. ಒಮ್ಮೆ ಅಂಥದೊಂದು ಬೊಕ್ಕೆ ನನಗೂ ಸಿಕ್ಕಿತು. ಮನೆಗೆ ತಂದು ಹಾಗೇ ಹೂದಾನಿಗೆ ಇಳಿಸಿದೆ. ಬೆಳಿಗ್ಗೆ ನೋಡಿದರೆ ಗುಲಾಬಿಗಳೆಲ್ಲ ಕತ್ತು ಮುರಿದಂತೆ ಬಾಗಿದ್ದವು. ನೀರು ತುಂಬಾ ಇತ್ತು. ಆದರೂ ಅವು ಬಾಯಾರಿ ಬಾಡಿದ್ದವು. ನೀರಿನಲ್ಲಿ ನಿಂತೂ ಬಾಯಾರಿಕೆ ಹೇಗೆ?

ಹೊಲದಲ್ಲಿ ಪಂಪ್‌ಸೆಟ್ ಇಟ್ಟವರಿಗೆ ಉತ್ತರ ಥಟ್ಟನೆ ಹೊಳೆಯುತ್ತದೆ. ಬಾವಿಯಲ್ಲಿ ನೀರಿದೆ, ಮೋಟರ್ ತಿರುಗುತ್ತಿದೆ, ಪೈಪಿನಲ್ಲಿ ಮಾತ್ರ ನೀರು ಬರುತ್ತಿಲ್ಲ. "ಏರ್ ಹಿಡಿದೈತಿ" ಅನ್ನುತ್ತಾರೆ. ಹೂವಿನ ದಂಟಿಗೂ ಹಾಗೇ ಏರ್ ಹಿಡಿಯುತ್ತದೆ. ದಂಟಿನೊಳಗೆ ಕೂದಲಿನಂಥ ಸಾವಿರಾರು ನಳಿಕೆಗಳಿವೆ. ದಳ ಮತ್ತು ಎಲೆಗಳಿಂದ ನೀರು ಆವಿಯಾದಂತೆ, ನೀರಿನ ಕಣಗಳು ಒಂದರ ಕೈ ಒಂದು ಹಿಡಿದ ಸರಪಳಿಯ ಹಾಗೆ ಕೆಳಗಿನ ನೀರನ್ನು ಮೇಲಕ್ಕೆ ಎಳೆಯುತ್ತವೆ. ಡಬ್ಲಿನ್‌ನಲ್ಲಿ ಡಿಕ್ಸನ್ ಮತ್ತು ಜಾಲಿ ಎಂಬಿಬ್ಬರು 1894ರಲ್ಲಿ ಈ ವಿವರಣೆ ಕೊಟ್ಟರು. ದೊಡ್ಡ ಮರಗಳೂ ನೀರನ್ನು ತುದಿಯವರೆಗೆ ಏರಿಸುವುದು ಹೀಗೆಯೇ. ಈ ಸರಪಳಿ ಬಿಗಿಯಾಗಿ ಎಳೆದುಕೊಂಡಿರುತ್ತದೆ. ದಂಟನ್ನು ಗಾಳಿಯಲ್ಲಿ ಕತ್ತರಿಸಿದರೆ ನೀರು ಮೇಲಕ್ಕೆ ಸರಿದು, ಬಾಯಿಯಲ್ಲಿ ಗಾಳಿ ತುಂಬಿಕೊಳ್ಳುತ್ತದೆ. ಆಮೇಲೆ ನೀರಿನಲ್ಲಿ ಇಟ್ಟರೂ ಆ ಗುಳ್ಳೆ ಅಡ್ಡ.

ಪರಿಹಾರ ಸುಲಭ. ಬಕೆಟ್ ನೀರಿನೊಳಗೆ ದಂಟು ಮುಳುಗಿಸಿ, ಅಲ್ಲಿಯೇ ತುದಿಯನ್ನು ಎರಡು ಬೆರಳು ಅಗಲದಷ್ಟು ಓರೆಯಾಗಿ ಕತ್ತರಿಸಬೇಕು. ಕತ್ತರಿಗಿಂತ ಹರಿತವಾದ ಚಾಕು ಒಳ್ಳೆಯದು, ನಳಿಕೆ ಜಜ್ಜುವುದಿಲ್ಲ. ಮುಂದಿನ ಸಲ ಬೊಕ್ಕೆ ಬಂದಾಗ ಹಾಗೆ ಮಾಡಿ, ಬಾಗಿದ ಗುಲಾಬಿಗಳನ್ನು ಒದ್ದೆ ಹಾಳೆಯಲ್ಲಿ ನೆಟ್ಟಗೆ ಸುತ್ತಿ, ಕತ್ತಿನವರೆಗೆ ನೀರಿನಲ್ಲಿ ನಿಲ್ಲಿಸಿದೆ. ಎರಡು ಗಂಟೆಯಲ್ಲಿ ತಲೆ ಎತ್ತಿದವು. ಆ ದಿನದ ಖುಷಿ ಇನ್ನೂ ನೆನಪಿದೆ.

ಗಾಳಿಯ ಹಾಗೆಯೇ ನಳಿಕೆ ಮುಚ್ಚುವ ಇನ್ನೊಂದು ಶತ್ರು ಬ್ಯಾಕ್ಟೀರಿಯಾ. ಹೂದಾನಿಯ ನೀರು ಲೋಳೆಯಾಗಿ ನಾರುತ್ತದಲ್ಲ, ಆ ಲೋಳೆಯೇ ದಂಟಿನ ಬಾಯಿಗೆ ಬಿರಡೆ. ನೀರಿನಲ್ಲಿ ಮುಳುಗುವ ಎಲೆಗಳನ್ನು ಮೊದಲೇ ತೆಗೆಯಬೇಕು. ನಾನು ಒಂದು ಲೀಟರ್ ನೀರಿಗೆ ನಾಲ್ಕು ಚಮಚ ಸಕ್ಕರೆ, ಅರ್ಧ ನಿಂಬೆಹಣ್ಣಿನ ರಸ, ಬಟ್ಟೆಗೆ ಹಾಕುವ ಬ್ಲೀಚ್ ನಾಲ್ಕಾರು ಹನಿ ಹಾಕುತ್ತೇನೆ. ಸಕ್ಕರೆ ಹೂವಿನ ಬುತ್ತಿ. ನಿಂಬೆಹುಳಿ ಮತ್ತು ಬ್ಲೀಚ್ ಬ್ಯಾಕ್ಟೀರಿಯಾಕ್ಕೆ ತಡೆ. ಸುಮ್ನೆ ಸಕ್ಕರೆ ಮಾತ್ರ ಹಾಕಿದರೆ ಹೂವಿಗಿಂತ ಮೊದಲು ಬ್ಯಾಕ್ಟೀರಿಯಾಕ್ಕೇ ಹಬ್ಬ. ಗ್ಲಾಡಿಯೋಲಸ್ ಮತ್ತು ಸುಗಂಧರಾಜದ ಕಡ್ಡಿಗಳಲ್ಲಿ ಕೆಳಗಿನ ಹೂ ಮೊದಲು ಅರಳುತ್ತದೆ. ಮೇಲಿನ ಮೊಗ್ಗುಗಳು ಅರಳಬೇಕಾದರೆ ಈ ಸಕ್ಕರೆ ತುಂಬಾ ಸಹಾಯ.

ಬೊಕ್ಕೆಯ ಜೊತೆಗೆ ಹಣ್ಣಿನ ಬುಟ್ಟಿಯನ್ನೂ ಕೊಡುವ ರೂಢಿ ನಮ್ಮಲ್ಲಿದೆ. ಎರಡನ್ನೂ ಕಾರಿನ ಹಿಂದಿನ ಸೀಟಿನಲ್ಲಿಟ್ಟು ಗ್ಲಾಸ್ ಏರಿಸುತ್ತೇವೆ. ಮಾಗಿದ ಬಾಳೆಹಣ್ಣು, ಮಾವಿನಹಣ್ಣು ಎಥಿಲೀನ್ ಎಂಬ ಅನಿಲ ಬಿಡುತ್ತವೆ. ಇದರ ಪತ್ತೆಯ ಕಥೆ ಚೆನ್ನಾಗಿದೆ. ದೀಪಕ್ಕೆ ಅನಿಲ ಉರಿಸುತ್ತಿದ್ದ ಕಾಲ. ರಷ್ಯಾದ ನೆಲ್ಜುಬೋವ್ ತನ್ನ ಪ್ರಯೋಗಾಲಯದಲ್ಲಿ ಬಟಾಣಿ ಸಸಿಗಳು ನೆಟ್ಟಗೆ ಬೆಳೆಯದೆ ಅಡ್ಡ ಬೀಳುವುದನ್ನು ಕಂಡ. ದೀಪದ ಅನಿಲದಲ್ಲಿದ್ದ ಎಥಿಲೀನ್ ಅದಕ್ಕೆ ಕಾರಣವೆಂದು 1901ರಲ್ಲಿ ತೋರಿಸಿದ. ಅಮೆರಿಕದಲ್ಲಿ ಹೂ ಬೆಳೆಗಾರರಿಗೆ ಕಾರ್ನೇಷನ್ ಹೂಗಳು ಅರಳಿದ ಮೇಲೆ ಮತ್ತೆ ಮುದುಡಿ "ನಿದ್ದೆ" ಹೋಗುವ ಕಾಟವಿತ್ತು. ಕ್ರಾಕರ್ ಮತ್ತು ನೈಟ್ 1908ರಲ್ಲಿ ಇದಕ್ಕೂ ಎಥಿಲೀನೇ ಕಾರಣ ಎಂದರು. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದರೂ ಕಾರ್ನೇಷನ್‌ಗೆ ಸಾಕು. ವಯಸ್ಸಾದ ಹೂವೂ ತಾನೇ ಈ ಅನಿಲ ತಯಾರಿಸುತ್ತದೆ. ಹಾಗಾಗಿ ಬಾಡಿದ ಹೂವನ್ನು ಹೂದಾನಿಯಿಂದ ಕೂಡಲೇ ತೆಗೆಯಬೇಕು, ಹೂದಾನಿಯನ್ನು ಹಣ್ಣಿನ ಬುಟ್ಟಿಯಿಂದ ದೂರ ಇಡಬೇಕು. ಸೇವಂತಿಗೆಗೆ ಈ ಅನಿಲದ ಭಯ ಇಲ್ಲ. ಅದು ಅಷ್ಟು ದಿನ ಬಾಳುವುದಕ್ಕೆ ಇದೂ ಒಂದು ಕಾರಣ.

ದಾಸವಾಳದ ಮುಂದೆ ಮಾತ್ರ ನಮ್ಮ ಯಾವ ಉಪಾಯವೂ ನಡೆಯುವುದಿಲ್ಲ. ನೀರಿನಲ್ಲಿಡಿ, ಮೇಜಿನ ಮೇಲೆ ಬರೀ ಹಾಗೇ ಇಡಿ, ಬೆಳಿಗ್ಗೆ ಅರಳಿದ್ದು ರಾತ್ರಿಗೆ ಮುದುಡುತ್ತದೆ. ನೀರಿನ ಕೊರತೆ ಅದಕ್ಕೆ ಕಾರಣವಲ್ಲ. ಅದರ ಆಯುಷ್ಯ ಒಳಗಿನ ಗಡಿಯಾರದಲ್ಲೇ ಬರೆದಿದೆ.

ಅಂಗಳಕ್ಕೆ ಏನು ಹಾಕಲಿ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಕನಕಾಂಬರ. ದಕ್ಷಿಣ ಭಾರತದ್ದೇ ಗಿಡ. ವಾಸನೆ ಇಲ್ಲ, ಆದರೆ ಮುಡಿಯಲ್ಲಿ ಮಲ್ಲಿಗೆಗಿಂತ ಜಾಸ್ತಿ ಹೊತ್ತು ಬಾಳುತ್ತದೆ. ಒಣಗಿದ ತೆನೆಗೆ ನೀರು ಚಿಮುಕಿಸಿದರೆ ಚಟಪಟ ಸಿಡಿದು ಬೀಜ ಹಾರುತ್ತದೆ, ಮಕ್ಕಳಿಗೆ ತೋರಿಸಿ. ಇದರ ಬೇರಿಗೆ ಜಂತುಹುಳುವಿನ (ಮಣ್ಣಿನಲ್ಲಿರುವ ನೆಮಟೋಡ್ ಎಂಬ ಸೂಕ್ಷ್ಮ ಹುಳು) ಕಾಟ ಇದೆ. ಮೊದಲು ಆ ಮಡಿಯಲ್ಲಿ ಚೆಂಡು ಹೂ ಬೆಳೆಯುವುದು ಒಳ್ಳೆಯದು, ಏಕೆಂದರೆ ಅದರ ಬೇರಿನಲ್ಲಿ ಜಂತುಹುಳುವಿಗೆ ವಿಷವಾಗುವ ರಾಸಾಯನಿಕ ಇದೆ. ಚೆಂಡು ಹೂ ಮೆಕ್ಸಿಕೋದಿಂದ ಬಂದದ್ದು. ನಮ್ಮ ಹೊಲಗಳ ಸೂರ್ಯಕಾಂತಿ, ಕುಸುಬೆಯ ಬಳಗ. ಇವುಗಳಲ್ಲಿ ನಾವು ಒಂದು ಹೂ ಎನ್ನುವುದು ನಿಜವಾಗಿ ನೂರಾರು ಪುಟ್ಟ ಹೂಗಳ ಗುಂಪು. ಕಾಗದದ ಹೂವಿನಲ್ಲೂ ಹೀಗೊಂದು ಮೋಸ ಇದೆ. ಬಣ್ಣದ್ದು ದಳವಲ್ಲ, ಎಲೆಯ ರೂಪಾಂತರ. ನಿಜವಾದ ಹೂ ನಡುವೆ ಇರುವ ಬಿಳಿ ಕೊಳವೆ. ಎಲೆಯ ಜಾತಿ ಆದ್ದರಿಂದ ಬಿಸಿಲಿಗೆ ಬೇಗ ಸೋಲುವುದಿಲ್ಲ. ಕಣಗಿಲೆಯೂ ಗಟ್ಟಿ. ಅದರ ಎಲೆಯ ಉಸಿರುರಂಧ್ರಗಳು ಕೆಳಬದಿಯ ಗುಳಿಗಳಲ್ಲಿ ರೋಮದ ಮರೆಯಲ್ಲಿ ಅಡಗಿವೆ, ನೀರು ಸುಲಭಕ್ಕೆ ಆರುವುದಿಲ್ಲ. ಆದರೆ ಗಿಡವೆಲ್ಲ ವಿಷ. ಸಣ್ಣ ಮಕ್ಕಳು, ದನಕರು ಇರುವ ಮನೆಯವರು ಅದನ್ನು ಹಾಕದಿರುವುದೇ ಮೇಲು.

ನನಗೆ ಎಲ್ಲಕ್ಕಿಂತ ಇಷ್ಟ ಸೇವಂತಿಗೆ. ಎರಡು ಕುಂಡಗಳಲ್ಲಿ ಒಂದೇ ತಾಯಿಗಿಡದ ಸಸಿ ನೆಟ್ಟಿದ್ದೆ. ಒಂದು ಗೇಟಿನ ಬಳಿ, ಇನ್ನೊಂದು ಹಿತ್ತಲಲ್ಲಿ. ಅದೇ ಮಣ್ಣು, ಅದೇ ಗೊಬ್ಬರ, ಅದೇ ನೀರು. ದೀಪಾವಳಿಗೆ ಹಿತ್ತಲಿನದು ಹಳದಿ ಹೂ ಹೊತ್ತು ನಿಂತಿತು. ಗೇಟಿನದರಲ್ಲಿ ಬರೀ ಸೊಪ್ಪು. ಎಷ್ಟು ನೋಡಿದರೂ ರೋಗ ಕಾಣಲಿಲ್ಲ. ಒಂದು ರಾತ್ರಿ ಕಸ ಹಾಕಲು ಹೊರಗೆ ಬಂದಾಗ ಹೊಳೆಯಿತು. ನಮ್ಮ ಬೀದಿಗೆ ಆ ವರ್ಷ ಹೊಸ ದೀಪ ಬಂದಿತ್ತು, ಅದು ನೇರ ಕುಂಡದ ಮೇಲೆಯೇ ಬೆಳಗುತ್ತಿತ್ತು.

ಸೇವಂತಿಗೆ ರಾತ್ರಿಯ ಉದ್ದ ಅಳೆಯುವ ಗಿಡ. ಬೇಸಿಗೆಯಲ್ಲಿ ಎಷ್ಟೇ ಬೆಳೆದರೂ ಹೂ ಬಿಡದ ಒಂದು ತಂಬಾಕು ತಳಿಯನ್ನು ಇಟ್ಟುಕೊಂಡು ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಹಗಲಿನ ಉದ್ದಕ್ಕೂ ಹೂವಿಗೂ ಇರುವ ನಂಟನ್ನು 1920ರಲ್ಲಿ ತಿಳಿಸಿದರು. ಗಿಡ ಲೆಕ್ಕ ಇಡುವುದು ಹಗಲನ್ನಲ್ಲ, ಕತ್ತಲನ್ನು ಎಂದು ಆಮೇಲೆ ಗೊತ್ತಾಯಿತು. ಕೊಪ್ಪಳದಲ್ಲಿ ವರ್ಷದ ಅತಿ ಉದ್ದದ ಹಗಲು ಸುಮಾರು 13 ಗಂಟೆ, ಅತಿ ಚಿಕ್ಕದು ಸುಮಾರು ಹನ್ನೊಂದೂಕಾಲು. ವ್ಯತ್ಯಾಸ ಎರಡು ಗಂಟೆಯೂ ಇಲ್ಲ. ನಮಗೆ ಅದು ಗಮನಕ್ಕೇ ಬರುವುದಿಲ್ಲ, ಗಿಡಕ್ಕೆ ಬರುತ್ತದೆ. ಕತ್ತಲ ನಡುವೆ ಬೆಳಕು ಬಿದ್ದರೆ ಅದರ ಲೆಕ್ಕ ತಪ್ಪಿ, ಇನ್ನೂ ಬೇಸಿಗೆಯೇ ಎಂದು ಸೊಪ್ಪು ಬೆಳೆಸುತ್ತದೆ. ಚಿಕ್ಕಬಳ್ಳಾಪುರದ ಕಡೆ ಬೆಳೆಗಾರರು ಹೂ ತಡವಾಗಿ ಬರಲೆಂದೇ ಹೊಲದಲ್ಲಿ ಬಲ್ಬ್ ಕಟ್ಟುತ್ತಾರೆ. ನನ್ನ ಕುಂಡಕ್ಕೆ ಆ ಕೆಲಸವನ್ನು ಬೀದಿದೀಪ ಮಾಡಿತ್ತು.

ದೀಪಾವಳಿ ಮುಗಿದ ಮರುದಿನ ಆ ಕುಂಡವನ್ನೂ ಹಿತ್ತಲಿಗೆ ಒಯ್ದು, ನುಗ್ಗೆ ಮರದ ಪಕ್ಕ ಕತ್ತಲಲ್ಲಿ ಇಟ್ಟೆ. ಡಿಸೆಂಬರ್ ಶುರುವಾದಾಗ ತುದಿಗಳಲ್ಲಿ ಗುಂಡಿಯಷ್ಟು ಹಸಿರು ಮೊಗ್ಗು ಕಂಡವು. ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆಗೆ ಊರೆಲ್ಲ ಹೊರಟಾಗ ಗಿಡದ ತುಂಬಾ ಹೂ. ಬೆಳಿಗ್ಗೆ ತಂಪಿನಲ್ಲಿ ಬಿಡಿಸಿ, ಹಸಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಬಾಳೆಹಣ್ಣನ್ನು ಬೇರೆ ಚೀಲದಲ್ಲಿ ಹಾಕಿಕೊಂಡು ಮಠದ ಕಡೆ ನಡೆದೆ.